ಜಾಗ ಗೊತ್ತಾದ ಮೇಲೆ ಅಹವಾಲು ಕೇಳಿದರೆ

ಕಾರವಾರದ ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಕಾಣುತ್ತದೆ. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಕಾಳಿ ನದಿ. ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲೇ ಪೇಟೆ, ಸರ್ಕಾರಿ ಕಚೇರಿಗಳು, ರಾಷ್ಟ್ರೀಯ ಹೆದ್ದಾರಿ 66, ಬೈತಖೋಲದ ಬಂದರು, ಮೀನುಗಾರರ ಕೇರಿಗಳು ಎಲ್ಲವೂ ಒತ್ತಿಕೊಂಡು ಕೂತಿವೆ. ದಕ್ಷಿಣಕ್ಕೆ ಬಿಣಗಾ ದಾಟಿದರೆ ನೌಕಾನೆಲೆ ಶುರುವಾಗುತ್ತದೆ. ಗುಡ್ಡದ ಮೇಲೆ ಹೋಗೋಣವೆಂದರೆ ಅದು ಕಾಡು, ದಂಡೆಗೆ ಇಳಿಯೋಣವೆಂದರೆ ಅಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ. ಹೀಗಿರುವಾಗ ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬರುವ ಪ್ರತಿ ದೊಡ್ಡ ಯೋಜನೆಯೂ ಊರಿನವರು ಆಗಲೇ ಬಳಸುತ್ತಿರುವ ಜಾಗಕ್ಕೇ ಬಂದು ನಿಲ್ಲುತ್ತದೆ.

ಇದು ಕಾರವಾರದ ಕಥೆಯಷ್ಟೇ ಅಲ್ಲ. ಅಂಕೋಲೆಯ ಕೇಣಿ, ಹೊನ್ನಾವರದ ಕಾಸರಕೋಡ ಟೊಂಕಾ, ಕುಮಟೆಯ ತದಡಿ, ಇಡೀ ಕರಾವಳಿ ಇದನ್ನೇ ಹೇಳುತ್ತದೆ. ಈ ಜಗಳಗಳನ್ನು 'ಅಭಿವೃದ್ಧಿ ಬೇಕೋ ಬೇಡವೋ' ಎಂಬ ಒಂದೇ ಸಾಲಿಗೆ ಇಳಿಸಿ ಮಾತಾಡುವುದು ರೂಢಿಯಾಗಿದೆ. ನನ್ನ ಪ್ರಕಾರ ಪ್ರಶ್ನೆ ಬೇರೆಯೇ ಇದೆ: ಜನರನ್ನು ಕೇಳುವುದು ಯಾವ ಹಂತದಲ್ಲಿ, ಮತ್ತು ಯಾವ ವಿಷಯವನ್ನು ಕೇಳುವುದು? ನಮ್ಮ ಜಿಲ್ಲೆಯಲ್ಲಿ ಜನರನ್ನು ಕೇಳುವುದೇ ಇಲ್ಲ ಎನ್ನುವಂತಿಲ್ಲ. ಕೇಳುತ್ತಾರೆ. ಎಲ್ಲ ಗೊತ್ತಾದ ಮೇಲೆ ಕೇಳುತ್ತಾರೆ.

ಕಾರವಾರದ ನೌಕಾನೆಲೆ ಯೋಜನೆಯಾದ ಸೀಬರ್ಡ್‌ನಿಂದಲೇ ಆರಂಭಿಸೋಣ. 1986ರ ಅಕ್ಟೋಬರ್‌ನಲ್ಲಿ ಆಗಿನ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು, 2005ರ ಮೇ ತಿಂಗಳಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೌಕಾಪಡೆಯ ಸೇವೆಗೆ ಸೇರಿತು. ಸುಮಾರು 11 ಸಾವಿರ ಎಕರೆ ಜಾಗ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳ ಸ್ಥಳಾಂತರ. ಮುಂಬೈ ಬಂದರಿನ ಇಕ್ಕಟ್ಟು, ಕಾರವಾರದ ಆಳವಾದ ನೀರು, ಮರೆಗೆ ನಿಂತ ಗುಡ್ಡ ಮತ್ತು ದ್ವೀಪಗಳು, ಶತ್ರು ವಿಮಾನಗಳಿಂದ ಇರುವ ದೂರ, ಇವೆಲ್ಲ ಲೆಕ್ಕಕ್ಕೆ ಬಂದವು. ದೇಶಕ್ಕೆ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು ನೌಕಾನೆಲೆ ಬೇಕೇ ಎಂಬುದನ್ನು ಅರಗಾ ಗ್ರಾಮದ ಸಭೆಯಲ್ಲಿ ತೀರ್ಮಾನಿಸಲಾಗದು. ಹಾಗೆ ತೀರ್ಮಾನಿಸಬೇಕಿತ್ತು ಎಂದು ಅಲ್ಲಿ ಮನೆ ಕಳೆದುಕೊಂಡವರೂ ವಾದಿಸಿದ್ದು ಕಡಿಮೆ. ದೇಶಕ್ಕೋಸ್ಕರ ಜಾಗ ಬಿಟ್ಟೆವು ಎಂಬ ಮಾತು ಇವತ್ತಿಗೂ ಸೀಬರ್ಡ್ ನಿರಾಶ್ರಿತರ ಬಾಯಲ್ಲಿದೆ.

ಆದರೆ ಆ ದೊಡ್ಡ ತೀರ್ಮಾನದ ಕೆಳಗೆ ನೂರು ಸಣ್ಣ ತೀರ್ಮಾನಗಳಿದ್ದವು. ಗುಡ್ಡದಿಂದ ಇಳಿಯುವ ಹಳ್ಳಗಳು ಸಮುದ್ರ ಸೇರುವುದು ಎಲ್ಲಿಂದ? ದೋಣಿ ಎಳೆದು ನಿಲ್ಲಿಸುವ ಜಾಗ ಹೋದವರಿಗೆ ಬದಲಿ ದಂಡೆ ಯಾವುದು? ಮೀನು ಹಿಡಿಯುವವರಿಗೆ ಸಮುದ್ರದಿಂದ ದೂರ ನಿವೇಶನ ಕೊಟ್ಟರೆ ಅವರು ಬೆಳಗಿನ ಜಾವ ಕೆಲಸಕ್ಕೆ ಹೋಗುವುದು ಹೇಗೆ? ಇವಕ್ಕೂ ರಕ್ಷಣಾ ರಹಸ್ಯಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇವುಗಳ ಉತ್ತರ ಗೊತ್ತಿದ್ದದ್ದು ಅಲ್ಲಿನವರಿಗೆ ಮಾತ್ರ. ಮಳೆಗಾಲದಲ್ಲಿ ಅರಗಾ, ಚೆಂಡಿಯಾ ಭಾಗದ ಮನೆಗಳಿಗೆ ನೀರು ನುಗ್ಗಿದಾಗೆಲ್ಲ ಕೇಳಿಬರುವ ದೂರು ಒಂದೇ: ನೀರು ಹೋಗುವ ದಾರಿಗೆ ನೌಕಾನೆಲೆಯ ಗೋಡೆಯೂ ಹೆದ್ದಾರಿಯೂ ಅಡ್ಡ ಬಂದಿವೆ. ಹೆಚ್ಚುವರಿ ಪರಿಹಾರದ ಮೊಕದ್ದಮೆಗಳಂತೂ ದಶಕಗಟ್ಟಲೆ ಎಳೆದವು. ನೆಲೆ ಎಲ್ಲಿ ಬರಬೇಕು ಎಂಬ ದೊಡ್ಡ ತೀರ್ಮಾನದ ಅಧಿಕಾರವನ್ನು ಒಪ್ಪಿಕೊಂಡವರೂ ಹಳ್ಳದ ದಾರಿ ತೀರ್ಮಾನಿಸುವ ಅಧಿಕಾರವನ್ನು ಅದರ ಜೊತೆಗೇ ಬರೆದುಕೊಟ್ಟಿರಲಿಲ್ಲ. ಆಡಳಿತ ಮಾತ್ರ ಎರಡನ್ನೂ ಒಟ್ಟಿಗೆ ತೆಗೆದುಕೊಂಡಿತು.

ನೌಕಾನೆಲೆಗೆ ದಂಡೆಗಳು ಹೋದ ಮೇಲೆ ಕಾರವಾರ ಪೇಟೆಗೆ ಹತ್ತಿಕೊಂಡು ಉಳಿದ ದೊಡ್ಡ ತೆರೆದ ದಂಡೆ ರವೀಂದ್ರನಾಥ ಟ್ಯಾಗೋರ್ ಕಡಲತೀರ. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆಗೆಂದು ಅಲ್ಲಿ ಅಲೆ ತಡೆಗೋಡೆಯ ಕೆಲಸ ಶುರುವಾದಾಗ ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯಿತು, ಪೊಲೀಸ್ ಕಾವಲಿನಲ್ಲಿ ಕೆಲಸ ನಡೆಸುವ ಸ್ಥಿತಿ ಬಂತು. ಕೊನೆಗೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಕೇಂದ್ರ ಸರ್ಕಾರದ ಬಂದರು ಅಭಿವೃದ್ಧಿ ಕಾರ್ಯಕ್ರಮವಾದ ಸಾಗರಮಾಲಾದಡಿ ಬಂದ ಆ ಯೋಜನೆಗೆ ಅದರದೇ ಸಮರ್ಥನೆ ಇತ್ತು. ಕಾರವಾರ ಎಲ್ಲ ಋತುವಿನಲ್ಲೂ ಹಡಗು ಬರಬಲ್ಲ ನೈಸರ್ಗಿಕ ಬಂದರು. ಉತ್ತರ ಕರ್ನಾಟಕದ ಸರಕಿಗೆ ಹತ್ತಿರದ ಬಾಗಿಲು ಇದೇ ಎಂಬ ವಾದ ಬ್ರಿಟಿಷರ ಕಾಲದಿಂದಲೂ ಇದೆ.

ಆ ದಂಡೆಯಲ್ಲಿ ನಡೆಯುವ ಕೆಲಸ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಯೋಜನಾ ನಕ್ಷೆ ಸೋಲುವುದು ಇಲ್ಲೇ. ರಂಪಣಿ ಮೀನುಗಾರಿಕೆಯಲ್ಲಿ ದೋಣಿ ಒಂದು ಬದಿಯಿಂದ ಹೊರಟು ಉದ್ದನೆಯ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಇನ್ನೊಂದು ಬದಿಗೆ ಬಂದು ದಡ ಸೇರುತ್ತದೆ. ಎರಡೂ ತುದಿಗಳನ್ನು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುತ್ತಾರೆ. ಅದಕ್ಕೆ ಕಲ್ಲು, ಗೋಡೆ, ಕಂಬ ಏನೂ ಇಲ್ಲದ ನೇರ ಮರಳು ದಂಡೆ ಬೇಕು. ಬಂಗಡೆ, ತಾರ್ಲೆಯ ಹಿಂಡು ದಡದ ಹತ್ತಿರ ಬಂದ ದಿನ ಆ ದಂಡೆ ಒಂದು ಕಾರ್ಖಾನೆ. ಹಿಂಡು ಬಾರದ ದಿನ ಅಲ್ಲಿ ಮಗುಚಿಟ್ಟ ದೋಣಿ, ಓಡಾಡುವ ಪ್ರವಾಸಿಗರು ಅಷ್ಟೇ. ಸರ್ವೆ ಮಾಡುವವರು ಬರುವುದು ಬಹುಪಾಲು ಅಂಥ ದಿನವೇ. ಭೂಬಳಕೆ ನಕ್ಷೆಗೆ ಕಟ್ಟಡ ಕಾಣುತ್ತದೆ, ಪಹಣಿಯಲ್ಲಿರುವ ಹೆಸರು ಕಾಣುತ್ತದೆ. ವರ್ಷದ ಕೆಲವು ವಾರ ಮಾತ್ರ ತುಂಬಿಕೊಳ್ಳುವ ಜಾಗ ಅದಕ್ಕೆ ಕಾಣುವುದಿಲ್ಲ. ಟೊಂಕಾದಲ್ಲಿ ಹೆಂಗಸರು ಮೀನು ಒಣಗಿಸುವ ಮರಳು, ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಕೆಸರು, ಮಳೆಗಾಲದಲ್ಲಿ ಭತ್ತಕ್ಕೂ ನಂತರ ಸಿಗಡಿಗೂ ಒದಗುವ ಗಜನಿ ಗದ್ದೆ, ಇವೆಲ್ಲ ಹೀಗೆ ನಕ್ಷೆಯಿಂದ ಜಾರಿಹೋದ ಜಾಗಗಳು.

ಸ್ಥಳೀಯರನ್ನು ಯೋಜನೆಯೊಳಗೆ ತರಬೇಕಾದ್ದು ಯಾಕೆ ಎಂಬುದಕ್ಕೆ ನನಗೆ ಕಾಣುವ ಮೊದಲ ಕಾರಣ ಇದೇ. ಅದು ಅವರಿಗೆ ತೋರಿಸುವ ಔದಾರ್ಯವಲ್ಲ. ಅವರಿಲ್ಲದೆ ಮಾಡಿದ ನಕ್ಷೆ ತಪ್ಪಾಗಿರುತ್ತದೆ, ತಪ್ಪು ನಕ್ಷೆಯ ಮೇಲೆ ಹಾಕಿದ ದುಡ್ಡು ನ್ಯಾಯಾಲಯದಲ್ಲೋ ನೆರೆಯಲ್ಲೋ ಸಿಕ್ಕಿಕೊಳ್ಳುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದ ಮೇಲಂತೂ, ಎಲ್ಲಿ ಗುಡ್ಡ ಕಡಿಯಬಾರದು, ಎಲ್ಲಿ ಒರತೆ ಇದೆ ಎಂಬ ಊರಿನವರ ತಿಳಿವಳಿಕೆಯನ್ನು ಹೆದ್ದಾರಿಯ ವಿನ್ಯಾಸದ ಕಡತದಿಂದ ಹೊರಗಿಡುವುದಕ್ಕೆ ಯಾವ ನೆಪವೂ ಉಳಿದಿಲ್ಲ.

ಈಗ ಕೇಳುವ ವಿಧಾನಕ್ಕೆ ಬರೋಣ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯನ್ನು ಕಡ್ಡಾಯ ಮಾಡಿದೆ. ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮುಂಚಿತ ನೋಟಿಸು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ, ಸಭೆಯ ವೀಡಿಯೊ ಚಿತ್ರೀಕರಣ, ಇವೆಲ್ಲ ನಿಯಮದಲ್ಲಿವೆ. ನಿಯಮ ಕೆಟ್ಟದ್ದೇನಲ್ಲ. ಆದರೆ ಸಭೆ ಬರುವ ಹೊತ್ತಿಗೆ ಏನೇನು ಮುಗಿದಿರುತ್ತದೆ ನೋಡಿ. ಜಾಗ ಆರಿಸಿ ಆಗಿರುತ್ತದೆ. ಕಂಪನಿ ಗೊತ್ತಾಗಿರುತ್ತದೆ. ಕರಡು ವರದಿ ಆ ಒಂದೇ ಜಾಗದ ಮೇಲೆ ಸಿದ್ಧವಾಗಿರುತ್ತದೆ. ಸಭೆಯಲ್ಲಿ ಮತ ಎಣಿಕೆ ಇಲ್ಲ, ಅಧ್ಯಕ್ಷತೆ ವಹಿಸಿದವರಿಗೆ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರವೂ ಇಲ್ಲ. ಹೇಳಿದ್ದನ್ನು ದಾಖಲಿಸಿ ಮೇಲಕ್ಕೆ ಕಳಿಸುವುದಷ್ಟೇ ಅವರ ಕೆಲಸ.

ಕೇಣಿಯಲ್ಲಿ ಆದದ್ದು ಹೀಗೇ. ಸರ್ವಋತು ಬಂದರು ಕಟ್ಟುವ ಗುತ್ತಿಗೆ ಒಂದು ಖಾಸಗಿ ಕಂಪನಿಗೆ ಸಿಕ್ಕಿದ್ದು 2023ರ ನವೆಂಬರ್‌ನಲ್ಲಿ. ಅಂಕೋಲೆಯಲ್ಲಿ ಅಹವಾಲು ಸಭೆ ಕರೆದದ್ದು 2025ರ ಆಗಸ್ಟ್‌ನಲ್ಲಿ. ನಡುವಿನ ಅವಧಿಯಲ್ಲಿ ಸಮುದ್ರದೊಳಗಿನ ಸಮೀಕ್ಷೆಗೆ ವಿರೋಧ, ನಿಷೇಧಾಜ್ಞೆ, ಮೀನುಗಾರರ ಮೆರವಣಿಗೆ ಎಲ್ಲ ಆಗಿಹೋಗಿತ್ತು. ಹೊನ್ನಾವರದ ಟೊಂಕಾ ಬಂದರಿನ ಒಪ್ಪಂದ 2010ರದು, ಅಲ್ಲಿನ ಜಗಳ ಹತ್ತು ವರ್ಷ ದಾಟಿದರೂ ಆರಿಲ್ಲ. ಉತ್ತರ ಕನ್ನಡದವರು ಎಲ್ಲದಕ್ಕೂ ಬೇಡ ಎನ್ನುತ್ತಾರೆ ಎಂಬ ಮಾತು ಬೆಂಗಳೂರಿನ ಕಚೇರಿಗಳಲ್ಲಿ ಓಡಾಡುತ್ತದೆ. ಈ ಮಾತು ನನಗೆ ನೋವು ತರುತ್ತದೆ. ಕಾಳಿಗೆ, ಶರಾವತಿಗೆ ಅಣೆಕಟ್ಟು, ಕೈಗಾಕ್ಕೆ ಅಣುಸ್ಥಾವರ, ಸೀಬರ್ಡ್, ಕೊಂಕಣ ರೈಲು, ಚತುಷ್ಪಥ ಎಲ್ಲಕ್ಕೂ ಜಾಗ ಕೊಟ್ಟ ಜಿಲ್ಲೆ ಇದು. ಉಳಿದಿರುವ ಪ್ರಶ್ನೆ ಒಂದೇ ಆದಾಗ, ಈ ಜಾಗದಲ್ಲಿ ಈ ಯೋಜನೆ ಬೇಕೋ ಬೇಡವೋ ಎಂದು ಮಾತ್ರ ಕೇಳಿದಾಗ, ಬೇರೆ ಯಾವ ಉತ್ತರ ಕೊಡಲು ಸಾಧ್ಯ? ಮೀನುಗಾರರ ಮುಂದೆ ಮೂರು ಜಾಗಗಳ ಹೋಲಿಕೆ ಇಟ್ಟು, ಯಾವುದರಲ್ಲಿ ಕಡಿಮೆ ಹಾನಿ, ಹಾನಿ ಆದರೆ ಏನು ಕೊಡುತ್ತೀರಿ ಎಂದು ಮಾತಿಗೆ ಕೂತಿದ್ದರೆ ಉತ್ತರವೂ ಅಷ್ಟೇ ವಿವರವಾಗಿ ಬರುತ್ತಿತ್ತು. ಆಗಲೂ ಬೇಡವೆನ್ನಬಹುದು. ಆದರೆ ಯಾಕೆ ಬೇಡ ಎಂಬುದಾದರೂ ಸರ್ಕಾರಕ್ಕೆ ಗೊತ್ತಾಗುತ್ತಿತ್ತು.

ಇಷ್ಟು ಹೇಳಿ, ಇನ್ನೊಂದು ಬದಿಯನ್ನೂ ಅಷ್ಟೇ ನೇರವಾಗಿ ಹೇಳಬೇಕು. ಎಲ್ಲವನ್ನೂ ಊರಿನವರಿಗೇ ಬಿಟ್ಟರೆ ಸರಿಯಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು 2019ರಿಂದ ಜೋರಾಗಿದೆ. ಅಪಘಾತವೋ ಹೃದಯಾಘಾತವೋ ಆದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕಾದ ಜಿಲ್ಲೆ ಇದು. ಬೇಕು ಎನ್ನುವುದರಲ್ಲಿ ಎಲ್ಲರೂ ಒಂದೇ. ಎಲ್ಲಿ ಎಂದ ಕೂಡಲೇ ಕಾರವಾರದವರಿಗೆ ಕಾರವಾರ, ಕುಮಟೆಯವರಿಗೆ ಕುಮಟೆ, ಘಟ್ಟದ ಮೇಲಿನವರಿಗೆ ಶಿರಸಿ. ಇದನ್ನು ಹೆಚ್ಚು ಜನ ಸೇರಿಸಿದ ಊರಿಗೆ ಕೊಡಲಾಗದು. ಜೋಯಿಡಾದ ಹಳ್ಳಿಯಿಂದ, ಭಟ್ಕಳದ ದಂಡೆಯಿಂದ, ಸಿದ್ದಾಪುರದಿಂದ ಆಂಬುಲೆನ್ಸ್ ಎಷ್ಟು ನಿಮಿಷದಲ್ಲಿ ತಲುಪುತ್ತದೆ, ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚಿದರೆ ಏನು ಗತಿ ಎಂದು ಲೆಕ್ಕ ಹಾಕಿ, ಆ ಲೆಕ್ಕವನ್ನು ಬಹಿರಂಗ ಮಾಡಿ, ಮೇಲಿನವರೇ ತೀರ್ಮಾನಿಸಬೇಕು. ಕಸ ವಿಲೇವಾರಿ ಘಟಕದ ವಿಷಯವೂ ಹಾಗೇ. ಯಾವ ವಾರ್ಡೂ ಅದನ್ನು ಕೇಳಿ ಪಡೆಯುವುದಿಲ್ಲ, ಆದರೂ ಎಲ್ಲೋ ಒಂದು ಕಡೆ ಅದು ಇರಲೇಬೇಕು.

'ಸ್ಥಳೀಯರು' ಎಂದರೆ ಯಾರು ಎಂಬುದೂ ಸುಲಭದ ಪ್ರಶ್ನೆಯಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ ಪ್ರಕಾರ ಊರಿನ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ, ಸಲಹೆ ಕರೆಯಬೇಕು, ಹತ್ತು ವರ್ಷಕ್ಕೊಮ್ಮೆ ಯೋಜನೆ ಪರಿಷ್ಕರಿಸಬೇಕು. ಆಕ್ಷೇಪ ಸಲ್ಲಿಸುವವರು ಸಾಮಾನ್ಯವಾಗಿ ಯಾರು? ನಕ್ಷೆಯಲ್ಲಿ ತಮ್ಮ ಸರ್ವೆ ನಂಬರು ಕಟ್ಟಡಕ್ಕೆ ಅವಕಾಶವಿಲ್ಲದ ಹಸಿರು ಬಣ್ಣದಲ್ಲಿ ಬಂದಿದೆ, ವಸತಿಯ ಹಳದಿಗೆ ಬದಲಿಸಿ ಎನ್ನುವ ಜಾಗದ ಮಾಲೀಕರು. ನಾಲೆಯ ಪರವಾಗಿ, ಕೆರೆಯ ಅಂಚಿನ ಪರವಾಗಿ ಅರ್ಜಿ ಬರೆಯುವವರು ಕಡಿಮೆ. ಬೆಳಿಗ್ಗೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸು ಹನ್ನೊಂದು ಗಂಟೆಯ ಸಭೆಗೆ ಬರಲಾರಳು. ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ಶೆಡ್ಡಿನಲ್ಲಿರುವ ಕುಟುಂಬಕ್ಕೆ ಆ ಕರಡಿನ ಸುದ್ದಿಯೇ ಮುಟ್ಟುವುದಿಲ್ಲ. ಹೀಗಾಗಿ ಕಾಗದದ ಮೇಲೆ ಜನರ ಅಭಿಪ್ರಾಯ ಎಂದು ಬರುವುದು ಒಂದು ಸಣ್ಣ ವರ್ಗದ ಆಸ್ತಿಯ ಚಿಂತೆ ಆಗಿರುವ ಅಪಾಯ ಸದಾ ಇದೆ.

ಹಾಗಿದ್ದರೆ ಜನರ ತಿಳಿವಳಿಕೆಯೂ ದೂರದೃಷ್ಟಿಯ ಲೆಕ್ಕವೂ ಒಂದೇ ಮೇಜಿನ ಮೇಲೆ ಬಂದ ಉದಾಹರಣೆ ನಮ್ಮಲ್ಲಿ ಇಲ್ಲವೇ? ಇದೆ, ಘಟ್ಟದ ಮೇಲಿದೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ, 1981ರ ಜನವರಿಯಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಅದನ್ನು ಏರ್ಪಡಿಸಿದ್ದು ಅಡಿಕೆ ಬೆಳೆಗಾರರ ಸಂಸ್ಥೆ, ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ. ಬೆಳೆಗಾರರು ವಿಜ್ಞಾನಿಗಳನ್ನು ತಾವೇ ಕರೆಸಿ, ಮುಳುಗುವ ಕಾಡು ಮತ್ತು ತೋಟಗಳ ಬೆಲೆಯನ್ನೂ ಸಿಗುವ ವಿದ್ಯುತ್ತಿನ ಲಾಭವನ್ನೂ ಎದುರುಬದುರಾಗಿ ಇಟ್ಟು ಲೆಕ್ಕ ನೋಡಿದರು. ಸರ್ಕಾರದ ಲೆಕ್ಕದಲ್ಲಿ ಕಾಡಿನ ಬೆಲೆ ಬಂದಿರಲಿಲ್ಲ ಎಂಬುದು ಅಲ್ಲಿ ಬಯಲಾಯಿತು. ಆ ಯೋಜನೆಯನ್ನು ಮುಂದೆ ಕೈಬಿಡಲಾಯಿತು. ತದಡಿಯ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವಗಳು ಹಿಂದೆ ಸರಿದದ್ದರ ಹಿಂದೆಯೂ ಅಳಿವೆಯ ಬಳಚು, ಮೀನು, ಉಪ್ಪುನೀರಿನ ಕಾಂಡ್ಲಾ ಕಾಡಿನ ಬೆಲೆಯನ್ನು ಅಳೆದು ತೋರಿಸಿದವರ ಕೆಲಸವಿದೆ. ಅದೇ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು.

ಶಿರಸಿಯಲ್ಲಿ ಅದು ಸಾಧ್ಯವಾದದ್ದು ಹೇಗೆ ಎಂದು ಯೋಚಿಸಿದರೆ ಭಾವುಕತೆಯಿಂದ ಹೊರಬರಬೇಕಾಗುತ್ತದೆ. 1923ರಿಂದ ನಿಂತ ಸಹಕಾರಿ ಸಂಸ್ಥೆಯ ಬಲ, ದುಡ್ಡು, ಓದಿದವರ ಒಡನಾಟ ಅಲ್ಲಿತ್ತು. ಬೈತಖೋಲದ ನಾಡದೋಣಿ ಮೀನುಗಾರನಿಗೆ, ಟೊಂಕಾದ ಒಣಮೀನಿನ ಹೆಂಗಸಿಗೆ ಅಂಥ ಬೆನ್ನೆಲುಬು ಇಲ್ಲ. ಅವರ ಕೈಲಿರುವುದು ಮೆರವಣಿಗೆ ಮತ್ತು ಮೊಕದ್ದಮೆ. ಹಾಗಾಗಿ ಜನರು ತಮ್ಮದೇ ಲೆಕ್ಕ ಹಾಕಿಸಿಕೊಳ್ಳಲು ಬೇಕಾದ ಖರ್ಚನ್ನು ಯೋಜನೆಯ ವೆಚ್ಚದಲ್ಲೇ ತೆಗೆದಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿ ನೇಮಿಸಿದ ಸಲಹೆಗಾರರ ವರದಿಯನ್ನು ಕಂಪನಿಯ ದುಡ್ಡಿನಲ್ಲಿ ಬರೆಸುವುದಾದರೆ, ಅದನ್ನು ಪರೀಕ್ಷಿಸುವ ಇನ್ನೊಬ್ಬ ತಜ್ಞರನ್ನು ಮೀನುಗಾರರ ಸಹಕಾರಿ ಸಂಘವೋ ಗ್ರಾಮ ಪಂಚಾಯಿತಿಯೋ ಆರಿಸಿಕೊಳ್ಳಲಿ, ಸಂಭಾವನೆ ಮಾತ್ರ ಸರ್ಕಾರದ ಮೂಲಕ ಹೋಗಲಿ.

ದೊಡ್ಡ ತೀರ್ಮಾನ ಮತ್ತು ಊರಿನ ಮಾತು ಸೇರಬೇಕಾದ ಜಾಗವನ್ನು ಸಂವಿಧಾನ ಮೂವತ್ತು ವರ್ಷಗಳ ಹಿಂದೆಯೇ ಕಟ್ಟಿಕೊಟ್ಟಿದೆ. 74ನೇ ತಿದ್ದುಪಡಿಯ 243 ಝಡ್‌ಡಿ ವಿಧಿಯ ಪ್ರಕಾರ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣ ಸಂಸ್ಥೆಗಳ ಚುನಾಯಿತರು. ಭೂಬಳಕೆ, ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ, ಇವನ್ನೆಲ್ಲ ಹಳ್ಳಿ-ಪಟ್ಟಣ ಒಟ್ಟಿಗೆ ಇಟ್ಟು ನೋಡುವುದು ಅದರ ಕೆಲಸ. ಬಂದರು ಕೇಣಿಗೋ ಟೊಂಕಾಕ್ಕೋ ಕಾರವಾರಕ್ಕೋ, ಅಥವಾ ಇಷ್ಟು ಉದ್ದದ ದಂಡೆಯಲ್ಲಿ ಎಷ್ಟು ಬಂದರು ಸಾಕು ಎಂಬ ಪ್ರಶ್ನೆ ಮೊದಲು ಬರಬೇಕಾದ್ದು ಅಲ್ಲಿಗೆ. ಆದರೆ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ರಾಜ್ಯದಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2018ರಲ್ಲಿ ಚುನಾವಣೆ ನಡೆದ ಅನೇಕ ನಗರಸಭೆ, ಪುರಸಭೆಗಳಲ್ಲಿ ಮೀಸಲಾತಿಯ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆ 2020ರವರೆಗೂ ತಡವಾಯಿತು. ಚುನಾಯಿತರಿಲ್ಲದ ಅವಧಿಯಲ್ಲಿ ಅಧಿಕಾರಿಗಳೇ ಆಡಳಿತಾಧಿಕಾರಿಗಳಾಗುತ್ತಾರೆ. ಅವರಲ್ಲಿ ಒಳ್ಳೆಯವರೂ ಇರುತ್ತಾರೆ, ಆದರೆ ವರ್ಗಾವಣೆಯಾಗಿ ಹೋಗುವವರು ಇಪ್ಪತ್ತು ವರ್ಷದ ಭೂಬಳಕೆಗೆ ಜನರ ಪರವಾಗಿ ಉತ್ತರದಾಯಿಗಳಾಗಲಾರರು. ಏಣಿಯ ಮಧ್ಯದ ಮೆಟ್ಟಿಲುಗಳು ಹೀಗೆ ಕಳಚಿಹೋದಾಗ ಜನ ಕೆಳಗಿನಿಂದ ನೇರವಾಗಿ ಹೈಕೋರ್ಟಿಗೆ ಜಿಗಿಯುತ್ತಾರೆ. ಟ್ಯಾಗೋರ್ ತೀರದ ವಿಷಯದಲ್ಲಿ ಆದದ್ದೂ ಅದೇ.

ಅಧಿಕಾರ ಹಂಚುವುದು ನಾವು ಅಂದುಕೊಂಡಷ್ಟು ಗೋಜಲಿನ ಕೆಲಸವಲ್ಲ. ನೌಕಾನೆಲೆ, ಬಂದರು, ಹೆದ್ದಾರಿ ಬೇಕೇ ಎಂಬುದನ್ನು ದೇಶ ಅಥವಾ ರಾಜ್ಯ ತೀರ್ಮಾನಿಸಲಿ, ಕಾರಣವನ್ನು ಬರೆದು ಪ್ರಕಟಿಸಲಿ. ಎಲ್ಲಿ ಎಂಬುದನ್ನು ಟೆಂಡರಿಗೆ ಮುಂಚೆ, ಕನಿಷ್ಠ ಎರಡು ಮೂರು ಜಾಗಗಳ ಹೋಲಿಕೆಯೊಂದಿಗೆ, ಜಿಲ್ಲಾ ಮಟ್ಟದಲ್ಲಿ ಚುನಾಯಿತರ ಎದುರು ಚರ್ಚಿಸಲಿ. ನೀರಿನ ದಾರಿ, ದೋಣಿ ನಿಲ್ಲುವ ಜಾಗ, ದಂಡೆಗೆ ಹೋಗುವ ಕಾಲುದಾರಿ, ಪುನರ್ವಸತಿ ನಿವೇಶನದ ಸ್ಥಳ, ಇವುಗಳಲ್ಲಿ ಮಾತ್ರ ಸ್ಥಳೀಯ ಸಂಸ್ಥೆಯ ಒಪ್ಪಿಗೆ ಇಲ್ಲದೆ ಕೆಲಸ ಮುಂದುವರಿಯಬಾರದು. ಅರಗಾದ ಹಳ್ಳ ಎಲ್ಲಿ ಹರಿಯಬೇಕು ಎಂಬುದಕ್ಕೆ ಅರಗಾದವರ ಸಹಿ ಬೇಕು ಎಂದರೆ ದೇಶದ ಭದ್ರತೆಗೆ ಏನೂ ಕುಂದಾಗದು.

ಸಭೆಯ ಕಾಲವೂ ಮುಖ್ಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ ಇರುತ್ತದೆ. ದೋಣಿಗಳು ದಡದಲ್ಲಿರುತ್ತವೆ, ಜನ ಊರಲ್ಲಿರುತ್ತಾರೆ. ಮೀನುಗಾರರ ಮಾತು ಕೇಳಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಎರಡು ತಿಂಗಳು ಸಿಗದು. ಕೇರಿಯ ದೇವಸ್ಥಾನದ ಅಂಗಳದಲ್ಲಿ, ಸಂಜೆ ಹೊತ್ತು, ಕೊಂಕಣಿಯಲ್ಲೂ ಕನ್ನಡದಲ್ಲೂ ವಿವರಿಸುವ ಹತ್ತು ಸಣ್ಣ ಸಭೆಗಳಿಂದ ಹೊರಡುವ ಮಾಹಿತಿ, ಶಾಮಿಯಾನದ ಕೆಳಗೆ ಪೊಲೀಸ್ ಬಂದೋಬಸ್ತಿನಲ್ಲಿ ಮೈಕು ಹಿಡಿದು ಕೂಗುವ ಒಂದು ಸಭೆಯಿಂದ ಹೊರಡುವುದಿಲ್ಲ.

ವ್ಯವಸ್ಥೆ ಬದಲಾಗುವವರೆಗೆ ಇರುವ ನಿಯಮದಲ್ಲೇ ಹಿಡಿಯಬಹುದಾದ ಒಂದು ಎಳೆ ಇದೆ. 2006ರ ಅಧಿಸೂಚನೆ ಪರಿಣಾಮ ವರದಿಯ ಚೌಕಟ್ಟನ್ನು ನಿಗದಿ ಮಾಡಿದೆ. ಅದರ ಐದನೇ ಅಧ್ಯಾಯ ಪರ್ಯಾಯಗಳ ವಿಶ್ಲೇಷಣೆ, ತಂತ್ರಜ್ಞಾನಕ್ಕೂ ಜಾಗಕ್ಕೂ ಸೇರಿದ್ದು. ಕರಡು ವರದಿಯನ್ನು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆಗಳಲ್ಲಿ ಯಾರು ಬೇಕಾದರೂ ನೋಡಬಹುದು. ಮುಂದಿನ ಸಭೆಯ ನೋಟಿಸು ಬಂದ ದಿನವೇ ಆ ಅಧ್ಯಾಯ ತೆರೆದು ನೋಡಿ. ಬೇರೆ ಜಾಗಗಳ ಹೆಸರಿದೆಯೇ, ಅಲ್ಲಿ ಸರ್ವೆ ನಡೆದಿದೆಯೇ, ಯಾವ ಅಂಕಿಯ ಆಧಾರದಲ್ಲಿ ಬಿಡಲಾಗಿದೆ, ರಂಪಣಿ ದಂಡೆಯ ಬಳಕೆ ಹೋಲಿಕೆಯ ಪಟ್ಟಿಯಲ್ಲಿ ಬಂದಿದೆಯೇ? ಬಾರದಿದ್ದರೆ ಅದನ್ನು ಸಭೆಗೆ ಮುಂಚೆಯೇ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆದು ಕೊಟ್ಟ ಆಕ್ಷೇಪವೂ ಮಾತಿನಲ್ಲಿ ಹೇಳಿದ್ದರಷ್ಟೇ ದಾಖಲೆ, ಅಂತಿಮ ವರದಿಯಲ್ಲಿ ಅದಕ್ಕೆ ಕಂಪನಿ ಉತ್ತರ ಕೊಡಲೇಬೇಕು.